ಕಾಲೇಜಿನಲ್ಲಿ ದೈಹಿಕ ಶಿಕ್ಷಣ ಕಡ್ಡಾಯ: ನೀವು ಏನು ಹೇಳುತ್ತೀರಿ?

ಬದಿಯಡ್ಕದ ಅಮ್ಮ

ಮುಂದಿನ ಶನಿವಾರ ಮಗಳ ಕಾಲೇಜಿನಲ್ಲಿ ರಕ್ಷಕ-ಶಿಕ್ಷಕ ಸಂಘದ ಸಭೆ ಇದೆ. ಮೊದಲನೆಯ ವರ್ಷದ ಪದವಿ ವಿದ್ಯಾರ್ಥಿಗಳೆಲ್ಲರಿಗೂ ವಾರಕ್ಕೆ ಎರಡು ಗಂಟೆ ದೈಹಿಕ ಶಿಕ್ಷಣ ಕಡ್ಡಾಯ ಮಾಡಬೇಕು, ಅದಕ್ಕೂ ಹಾಜರಿ ಹಾಕಬೇಕು ಎಂಬ ಸಲಹೆ ಅಲ್ಲಿ ಚರ್ಚೆಗೆ ಬರುತ್ತದೆಯಂತೆ. ನಾನು ಬೇಕು ಎನ್ನುವವಳು. ಮಗಳು ಬೇಡವೇ ಬೇಡ ಎನ್ನುತ್ತಿದ್ದಾಳೆ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆ. ಅವಳು ಹತ್ತನೆಯ ತರಗತಿಯವರೆಗೆ ನಮ್ಮೂರ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದಿದವಳು. ಖೋ-ಖೋ ತಂಡದಲ್ಲಿದ್ದಳು. ಉಪಜಿಲ್ಲಾ ಕ್ರೀಡಾಕೂಟದ ಹಿಂದಿನ ರಾತ್ರಿ ಅವಳ ಬಿಳಿ ಶೂಗಳಿಗೆ ಸೀಮೆಸುಣ್ಣ ಉಜ್ಜಿ ಒಲೆಯ ಪಕ್ಕ ಇಡುವುದು ನನ್ನ ಕೆಲಸವಾಗಿತ್ತು. ಪ್ಲಸ್ ವನ್‌ಗೆ, ಅಂದರೆ ಹನ್ನೊಂದನೆಯ ತರಗತಿಗೆ, ಪೇಟೆಯ ಶಾಲೆಗೆ ಸೇರಿದ ಮೇಲೆ ಆಟ ಕಡಿಮೆಯಾಯಿತು. ಈಗ ಪದವಿಗೆ ಬಂದ ಮೇಲೆ ಪೂರ್ತಿ ನಿಂತೇ ಹೋಗಿದೆ. ಬೆಳಗ್ಗೆ ಬಸ್ಸಿನಲ್ಲಿ ಕುಳಿತು ಹೋಗುತ್ತಾಳೆ, ತರಗತಿಯಲ್ಲಿ ಕುಳಿತಿರುತ್ತಾಳೆ, ಸಂಜೆ ಕುಳಿತು ಬರುತ್ತಾಳೆ, ರಾತ್ರಿ ಮೊಬೈಲ್ ಹಿಡಿದು ಕುಳಿತುಕೊಳ್ಳುತ್ತಾಳೆ. ಹದಿನೆಂಟು ವರ್ಷದ ಹುಡುಗಿ ಬೆನ್ನು ನೋವು ಎಂದು ಎಣ್ಣೆ ಕೇಳುತ್ತಾಳೆ. ಮೊನ್ನೆ ಅಟ್ಟ ಗುಡಿಸುವಾಗ ಆ ಶೂಗಳು ಸಿಕ್ಕಿದವು. ಅಡಿಯ ಅಂಟು ಬಿಟ್ಟಿತ್ತು. ಸಂದಿಯಲ್ಲಿ ಮೈದಾನದ ಕೆಂಪು ಮಣ್ಣು ಹಾಗೆಯೇ ಇತ್ತು.

"ಅಮ್ಮ, ನನಗೆ ಆಟ ಬೇಡವೆಂದಲ್ಲ. ಆಟದ ಹಾಜರಿ ಬೇಡ" ಎನ್ನುತ್ತಾಳೆ. ಅದರ ಅರ್ಥ ನನಗೆ ಪೂರ್ತಿ ಆಗುತ್ತಿಲ್ಲ. ಮಕ್ಕಳಿರುವವರು, ಕಾಲೇಜಿಗೆ ಹೋಗುತ್ತಿರುವವರು ಹೇಳಿ.

ಅಡೂರು ಬಿ.ಕಾಂ.

ಅಕ್ಕ, ನಿಮ್ಮ ಮಗಳ ಮಾತು ನನಗೆ ಅರ್ಥವಾಗುತ್ತದೆ. ನಾನು ಎರಡನೆಯ ವರ್ಷದ ವಿದ್ಯಾರ್ಥಿ. ಬೆಳಗ್ಗೆ ಐದೂವರೆಗೆ ಏಳುತ್ತೇನೆ. ಅಂಗಳದಲ್ಲಿ ಒಣಗಲು ಹಾಕಿದ ಅಡಿಕೆಯನ್ನು ಕಾಲಿನಲ್ಲಿ ಕೆದಕಿ ಮಗುಚಿ, ಹಟ್ಟಿಗೆ ಹುಲ್ಲು ಹಾಕಿ, ಮಿಂದು ಬಸ್ ಹಿಡಿಯುತ್ತೇನೆ. ಕಾಸರಗೋಡು ತಲುಪಲು ಒಂದೂವರೆ ಗಂಟೆ. ಸಂಜೆ 4.10ಕ್ಕೆ ಒಂದು ಬಸ್ ಇದೆ. ಅದು ತಪ್ಪಿದರೆ ಮುಂದಿನದು ಒಂದು ಗಂಟೆ ಕಳೆದ ಮೇಲೆ, ಅದೂ ಕನ್ಸೆಷನ್ ಕಾರ್ಡಿನವರು ಬಾಗಿಲಲ್ಲಿ ನೇತಾಡಬೇಕಾದ ಬಸ್. ತರಗತಿ ಬಿಟ್ಟ ಮೇಲೆ ವ್ಯಾಯಾಮ ಇಟ್ಟರೆ ನನ್ನಂಥವರು ಮನೆ ಸೇರುವಾಗ ರಾತ್ರಿಯಾಗುತ್ತದೆ. ಓದುವುದು ಯಾವಾಗ?

ಇನ್ನೊಂದು ಮಾತು. ನಮ್ಮ ಮೈ ಕೆಲಸ ಮಾಡದ ಮೈ ಅಲ್ಲ. ಮರ ಹತ್ತುವವರು ಸಿಗದೆ ಕಳೆದ ವರ್ಷ ನಾನೇ ಕಾಲಿಗೆ ತಳೆ ಹಾಕಿ ಹತ್ತಿದ್ದೇನೆ. ನನಗೆ ಯಾರೋ ಬಂದು ಕೈ ಮೇಲೆ ಕೈ ಕೆಳಗೆ ಎಂದು ಹೇಳಿಕೊಟ್ಟು, ಅದಕ್ಕೆ ಹಾಜರಿ ಹಾಕಿ, ಎರಡು ದಿನ ತಪ್ಪಿದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎನ್ನುವುದು ಅನ್ಯಾಯ. ಸಾಲದ್ದಕ್ಕೆ ಟ್ರ್ಯಾಕ್ ಪ್ಯಾಂಟ್ ಕೊಳ್ಳಿ, ಬಿಳಿ ಅಂಗಿ ಕೊಳ್ಳಿ, ಶೂ ಕೊಳ್ಳಿ. ನಮ್ಮ ಮನೆಯಲ್ಲಿ ಇಬ್ಬರು ಓದುವವರಿದ್ದೇವೆ.

ಬೇಕಾದವರಿಗೆ ಇರಲಿ. ಕಡ್ಡಾಯ ಬೇಡ.

ನಿವೃತ್ತ ಪಿ.ಟಿ. ಮಾಸ್ತರ್, ಮಂಜೇಶ್ವರ

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸೀಟಿ ಊದಿದವನು ನಾನು. ಅಡೂರಿನ ತಮ್ಮನ ಬಸ್ಸಿನ ಕಷ್ಟವನ್ನು ಒಪ್ಪುತ್ತೇನೆ. "ನಮ್ಮ ಮೈ ಕೆಲಸ ಮಾಡುತ್ತದೆ, ವ್ಯಾಯಾಮ ಬೇಡ" ಎಂಬುದನ್ನು ಮಾತ್ರ ಒಪ್ಪಲಾರೆ.

ತಮ್ಮ, ಕೆಲಸ ಬೇರೆ, ವ್ಯಾಯಾಮ ಬೇರೆ. ಕೆಲಸ ಮೈಯನ್ನು ತನಗೆ ಬೇಕಾದ ಹಾಗೆ ಬಗ್ಗಿಸಿಕೊಳ್ಳುತ್ತದೆ. ಬೆಳಗಿನ ಅಸೆಂಬ್ಲಿಯಲ್ಲಿ ಮಕ್ಕಳು ಸಾಲಾಗಿ ನಿಂತಾಗ ಯಾರ ಮನೆಯಲ್ಲಿ ಅಡಿಕೆ ಸುಲಿಯುತ್ತಾರೆ ಎಂದು ನಾನು ಹಿಂದಿನಿಂದ ನೋಡಿಯೇ ಹೇಳುತ್ತಿದ್ದೆ. ಕತ್ತಿಯ ಮುಂದೆ ಗಂಟೆಗಟ್ಟಲೆ ಒಂದೇ ಭಂಗಿಯಲ್ಲಿ ಕುಳಿತು ಅವರ ಬಲ ಭುಜ ಸ್ವಲ್ಪ ಮುಂದಕ್ಕೆ ಬಂದಿರುತ್ತಿತ್ತು, ಕುತ್ತಿಗೆ ಎಡಕ್ಕೆ ವಾಲಿರುತ್ತಿತ್ತು. ಬೀಡಿ ಕಟ್ಟುವ ಮನೆಯ ಹೆಣ್ಣುಮಕ್ಕಳ ಬೆನ್ನು ಹದಿನಾಲ್ಕಕ್ಕೇ ಗೂನಾಗಲು ತೊಡಗುತ್ತಿತ್ತು. ಕೆಲಸ ಬಗ್ಗಿಸಿದ ಮೈಯನ್ನು ನೆಟ್ಟಗೆ ಮಾಡುವುದು ವ್ಯಾಯಾಮದ ಕೆಲಸ. ದುಡಿಯುವ ಮನೆಯ ಮಕ್ಕಳಿಗೆ ಅದು ಉಳಿದವರಿಗಿಂತ ಹೆಚ್ಚು ಬೇಕು.

ಈ ವಿದ್ಯೆ ನಮ್ಮ ಕಡೆಗೆ ನಿನ್ನೆ ಮೊನ್ನೆ ಬಂದದ್ದಲ್ಲ. ಕಾಸರಗೋಡು ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ, 1920ರಲ್ಲಿ, ಹ್ಯಾರಿ ಬಕ್ ಎಂಬವರು ಮದರಾಸಿನಲ್ಲಿ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜನ್ನು ತೆರೆದರು. ಅಮೆರಿಕದಲ್ಲಂತೂ ಆಮ್ಹರ್ಸ್ಟ್ ಕಾಲೇಜು 1861ರಲ್ಲೇ ಎಡ್ವರ್ಡ್ ಹಿಚ್ಕಾಕ್ ಎಂಬ ವೈದ್ಯರನ್ನು ದೇಹಾರೋಗ್ಯ ಮತ್ತು ವ್ಯಾಯಾಮದ ಪ್ರಾಧ್ಯಾಪಕರನ್ನಾಗಿ ನೇಮಿಸಿತು. ಓದುವ ಮಕ್ಕಳು ಓದಿನ ನಡುವೆಯೇ ಸೊರಗುತ್ತಾರೆ ಎಂಬುದು ಆಗಿನವರಿಗೇ ಕಾಣಿಸಿತ್ತು.

ಈಗಿನ ಲೆಕ್ಕ ಇನ್ನೂ ಗಾಬರಿ ಹುಟ್ಟಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 146 ದೇಶಗಳ ಶಾಲಾ ಮಕ್ಕಳ ಮಾಹಿತಿ ಸೇರಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 11ರಿಂದ 17 ವರ್ಷದವರಲ್ಲಿ ಶೇಕಡ 81 ಮಂದಿಗೆ ಸಾಕಷ್ಟು ಚಟುವಟಿಕೆ ಇರಲಿಲ್ಲ. ನಮ್ಮ ದೇಶದ ವಯಸ್ಕರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಹಾಗೆಯೇ ಇದ್ದಾರೆ ಎಂದು 2024ರಲ್ಲಿ ಬಂದ ಇನ್ನೊಂದು ವರದಿ ಹೇಳಿತು. ಹೆಂಗಸರಲ್ಲಿ ಅದು ಶೇಕಡ 57. ಹದಿನೇಳರವರೆಗೆ ದಿನಕ್ಕೆ 60 ನಿಮಿಷ, ಹದಿನೆಂಟು ದಾಟಿದ ಮೇಲೆ ವಾರಕ್ಕೆ ಕಡಿಮೆಯೆಂದರೂ 150 ನಿಮಿಷ ಮೈ ಬೆವರಬೇಕು ಎಂಬುದು ಅದೇ ಸಂಸ್ಥೆಯ ಸಲಹೆ. ಕಾಲೇಜು ಕೇಳುತ್ತಿರುವ ಎರಡು ಗಂಟೆ ಎಂದರೆ 120 ನಿಮಿಷ. ಇದು ಹೆಚ್ಚಾಯಿತೇ?

ಬದಿಯಡ್ಕದ ಅಮ್ಮ, ನೀವು ಕೈ ಎತ್ತಿ. ಹದಿನೆಂಟಕ್ಕೆ ಬಿಟ್ಟ ಅಭ್ಯಾಸ ಇಪ್ಪತ್ತೆಂಟಕ್ಕೆ ತಾನಾಗಿ ಬರುವುದಿಲ್ಲ.

ಅಡೂರು ಬಿ.ಕಾಂ.

ಮಾಸ್ತರರೇ, ಭುಜದ ಮಾತು ಸರಿ. ಓದಿ ಕನ್ನಡಿಯ ಮುಂದೆ ನಿಂತು ನೋಡಿದೆ. ನನ್ನದೂ ಹಾಗೆಯೇ ಇದೆ.

ಆದರೆ ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ಕಡ್ಡಾಯ ಎಂದರೆ ಯಾರಿಗೆ ಕಡ್ಡಾಯ? ನಾನು ಬರಬೇಕು ಎಂಬುದು ನಿಯಮವಾಗುತ್ತದೆ. ಮೈದಾನ ಇರಬೇಕು, ಶಿಕ್ಷಕರು ಇರಬೇಕು, ಕುಡಿಯುವ ನೀರು ಇರಬೇಕು, ಬಸ್ ತಪ್ಪದ ಸಮಯದಲ್ಲಿ ಇರಬೇಕು ಎಂಬುದು ಎಲ್ಲಿ ನಿಯಮವಾಗುತ್ತದೆ? ತಪ್ಪಿದರೆ ದಂಡ ಕಟ್ಟುವವನು ನಾನೊಬ್ಬನೇ ಆದರೆ ಅದಕ್ಕೆ ಶಿಕ್ಷಣ ಎಂದು ಹೇಗೆ ಹೇಳುವುದು?

ಪೈವಳಿಕೆಯವನು, ಈಗ ಹೊರದೇಶದಲ್ಲಿ

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡಿದವನು ನಾನು. ಅಲ್ಲಿಗೆ ಬರುವ ಪದವಿ ವಿದ್ಯಾರ್ಥಿಗಳು ಮೊದಲನೆಯ ವರ್ಷ ದೈಹಿಕ ಶಿಕ್ಷಣದ ಎರಡು ಕೋರ್ಸ್‌ಗಳನ್ನು ಮುಗಿಸಬೇಕು. ಅದರ ಜೊತೆಗೆ ಈಜು ಪರೀಕ್ಷೆಯೂ ಇದೆ: 75 ಗಜ, ನಮ್ಮ ಲೆಕ್ಕದಲ್ಲಿ 69 ಮೀಟರ್ ಹತ್ತಿರ, ನಿಲ್ಲದೆ ಈಜಬೇಕು. ಬಾರದವರನ್ನು ಯಾರೂ ಅನುತ್ತೀರ್ಣ ಎಂದು ಹೊರಗೆ ಕಳುಹಿಸುವುದಿಲ್ಲ. ಈಜು ಕಲಿಸುವ ತರಗತಿಗೆ ಸೇರಿಸಿ, ಅದನ್ನೇ ಅವರ ದೈಹಿಕ ಶಿಕ್ಷಣವೆಂದು ಲೆಕ್ಕಕ್ಕೆ ಹಿಡಿಯುತ್ತಾರೆ. ನಾನು ಪಾಠ ಹೇಳುತ್ತಿದ್ದ ಒಬ್ಬ ಹುಡುಗಿ ಹದಿನೆಂಟು ವರ್ಷ ನೀರಿಗೆ ಇಳಿದವಳೇ ಅಲ್ಲ. ಸೆಮಿಸ್ಟರಿನ ಕೊನೆಗೆ ಕೂದಲು ಒದ್ದೆಯಾಗಿರುವಾಗಲೇ ನನ್ನ ಕೊಠಡಿಗೆ ಓಡಿ ಬಂದು "ಮುಗಿಸಿದೆ" ಎಂದಳು. ಯಾವ ಪರೀಕ್ಷೆಯಲ್ಲೂ ಅವಳ ಮುಖದಲ್ಲಿ ಆ ಬೆಳಕು ಕಂಡಿರಲಿಲ್ಲ. ಚೀನಾದ ಸಿಂಗುವಾ ವಿಶ್ವವಿದ್ಯಾಲಯದಲ್ಲಿಯೂ 2017ರಿಂದ ಈಜು ಕಡ್ಡಾಯವಾಗಿದೆ.

ನಮ್ಮ ಜಿಲ್ಲೆಯನ್ನು ನೋಡಿ. ಕೇರಳದ 44 ನದಿಗಳಲ್ಲಿ 12 ನಮ್ಮಲ್ಲೇ ಹರಿಯುತ್ತವೆ. ಪಶ್ಚಿಮಕ್ಕೆ ಉದ್ದಕ್ಕೂ ಕಡಲು. ಮಳೆಗಾಲ ಬಂದರೆ ಹೊಳೆಗೆ ಇಳಿದ ಹುಡುಗರು ಮರಳಿ ಬರಲಿಲ್ಲ ಎಂಬ ಸುದ್ದಿ ಓದದ ವರ್ಷವಿಲ್ಲ. ನಾನು ಈಜು ಕಲಿತದ್ದು ತೋಟದ ಕೆರೆಯಲ್ಲಿ. ಮಾವ ಎರಡು ಒಣ ತೆಂಗಿನಕಾಯಿಗಳ ಸಿಪ್ಪೆಯನ್ನು ಸ್ವಲ್ಪ ಸ್ವಲ್ಪ ಎಬ್ಬಿಸಿ ಒಂದಕ್ಕೊಂದು ಗಂಟು ಹಾಕಿ, ಅದನ್ನು ನನ್ನ ಎದೆಯ ಕೆಳಗೆ ಕೊಟ್ಟು ತಳ್ಳಿದರು. ಮೂರನೆಯ ದಿನ ಒಂದು ಕಾಯಿ ತೆಗೆದರು. ವಾರದ ಕೊನೆಗೆ ಎರಡನ್ನೂ ತೆಗೆದರು. ಈಗ ಎಷ್ಟು ಮನೆಗಳಲ್ಲಿ ಕೆರೆ ಇದೆ, ಎಷ್ಟು ಮಾವಂದಿರಿಗೆ ಬಿಡುವಿದೆ? ಕಾಲೇಜು ಏನನ್ನಾದರೂ ಕಡ್ಡಾಯ ಮಾಡುವುದಾದರೆ ಮೊದಲು ಈಜನ್ನು ಮಾಡಲಿ. ಇದು ಅಂಕದ ಮಾತಲ್ಲ, ಜೀವದ ಮಾತು.

ಇನ್ನೊಂದು ಬದಿಯನ್ನೂ ಹೇಳಬೇಕು. ಅಮೆರಿಕದಲ್ಲಿಯೇ ಈ ಕಡ್ಡಾಯ ಕರಗುತ್ತಾ ಬಂದಿದೆ. 1920ರ ದಶಕದಲ್ಲಿ ಅಲ್ಲಿನ ನಾಲ್ಕು ವರ್ಷದ ಕಾಲೇಜುಗಳಲ್ಲಿ ಶೇಕಡ 97ರಷ್ಟು ಕಡೆ ಇದ್ದ ನಿಯಮ 2010ರ ಹೊತ್ತಿಗೆ ಶೇಕಡ 40ಕ್ಕಿಂತ ಕೆಳಗೆ ಇಳಿದಿತ್ತು ಎಂದು ಆರೆಗನ್ ರಾಜ್ಯ ವಿಶ್ವವಿದ್ಯಾಲಯದವರು ತೋರಿಸಿದ್ದಾರೆ. ಬೇಡವೆಂದು ಬಿಟ್ಟರೆ ಹೋಗುವುದು ಸುಲಭ, ಮರಳಿ ತರುವುದು ಕಷ್ಟ.

ಎಣ್ಮಕಜೆ ಅಣ್ಣ

ನನ್ನ ತಂಗಿಯ ವಿಷಯ ಹೇಳುತ್ತೇನೆ. ನಮ್ಮ ಊರಿನ ಕಥೆ ನಿಮಗೆಲ್ಲ ಗೊತ್ತು. ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ನಮ್ಮ ಸುತ್ತಿನ ಮನೆಗಳಲ್ಲಿ ಹಾಸಿಗೆ ಬಿಟ್ಟು ಏಳದ ಮಕ್ಕಳಿದ್ದಾರೆ. ತಂಗಿಗೆ ಎಡಗಾಲಿನಲ್ಲಿ ಬಲ ಕಡಿಮೆ, ಬುದ್ಧಿ ಚುರುಕು. ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕ ತೆಗೆದಳು.

ಶಾಲೆಯಲ್ಲಿ ಪಿ.ಟಿ. ಪೀರಿಯಡ್ ಬಂದಾಗಲೆಲ್ಲ ಅವಳನ್ನು ಜಗಲಿಯಲ್ಲಿ ಕೂರಿಸುತ್ತಿದ್ದರು. ಆಡಲು ಹೋದವರ ಬ್ಯಾಗ್, ವಾಚು, ಕಿವಿಯ ಓಲೆ ಎಲ್ಲ ಅವಳ ಮಡಿಲಿಗೆ. ಐದು ವರ್ಷ ಅವಳು ಕಲಿತ ದೈಹಿಕ ಶಿಕ್ಷಣ ಅದು. ಕಾಲೇಜಿಗೆ ಹೋದ ಮೇಲೆ ಅವಳು ನನಗೆ ಹೇಳಿದ ಮೊದಲ ಸಂತೋಷದ ಮಾತು "ಇಲ್ಲಿ ಪಿ.ಟಿ. ಇಲ್ಲ ಅಣ್ಣ" ಎಂದು.

ಈಗ ನೀವು ಅದನ್ನು ಮರಳಿ ತರುತ್ತೀರಿ. ಅವಳಿಗೆ ವಿನಾಯಿತಿ ಕೊಡುತ್ತೇವೆ ಎನ್ನುತ್ತೀರಿ. ವಿನಾಯಿತಿ ಎಂದರೆ ಮತ್ತೆ ಅದೇ ಜಗಲಿ. ಒಂದೇ ಅಳತೆಗೋಲು ಹಿಡಿದು ಮೈಗಳನ್ನು ಅಳೆಯಲು ಹೊರಟರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದಲ್ಲೇ ಉದಾಹರಣೆ ಇದೆ. ಪೆನ್ಸಿಲ್ವೇನಿಯಾದ ಲಿಂಕನ್ ವಿಶ್ವವಿದ್ಯಾಲಯ, ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ 30 ದಾಟಿದ ವಿದ್ಯಾರ್ಥಿಗಳು ವ್ಯಾಯಾಮದ ಒಂದು ಕೋರ್ಸ್ ಮಾಡದೆ ಪದವಿ ಪಡೆಯುವಂತಿಲ್ಲ ಎಂದು ನಿಯಮ ಮಾಡಿತ್ತು. ದಪ್ಪಗಿರುವವರನ್ನು ಮಾತ್ರ ಬೇರೆ ಮಾಡಿ ನಿಲ್ಲಿಸುತ್ತೀರಿ ಎಂದು 2009ರಲ್ಲಿ ದೊಡ್ಡ ಪ್ರತಿಭಟನೆಯಾಗಿ ಅದನ್ನು ಕೈಬಿಟ್ಟರು.

ಜಗಲಿಗೆ ಏನು ಉತ್ತರ ಕೊಡುತ್ತೀರಿ ಎಂಬುದನ್ನು ಮೊದಲು ಹೇಳಿ. ಆಮೇಲೆ ಕೈ ಎತ್ತಿ.

ನಿವೃತ್ತ ಪಿ.ಟಿ. ಮಾಸ್ತರ್, ಮಂಜೇಶ್ವರ

ಎಣ್ಮಕಜೆಯವರೇ, ನಿನ್ನೆಯಿಂದ ನಿಮ್ಮ ಮಾತು ಮನಸ್ಸಿನಿಂದ ಹೋಗಿಲ್ಲ. ನಾನೂ ಮಕ್ಕಳನ್ನು ಬ್ಯಾಗ್ ಕಾಯಲು ಕೂರಿಸಿದ್ದೇನೆ. ಒಬ್ಬ ಹುಡುಗನಿಗೆ ಉಬ್ಬಸ ಇತ್ತು, ಒಬ್ಬಳಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಅವರನ್ನು ದಣಿಸಬಾರದು ಎಂಬ ಕನಿಕರದಿಂದಲೇ ಮಾಡಿದ್ದು. ಐವತ್ತು ಮಕ್ಕಳು, ಒಂದು ಚೆಂಡು, ನಾನೊಬ್ಬ. ಆದರೂ ಅದು ತಪ್ಪು. ಆ ಹುಡುಗನಿಗೆ ಉಸಿರಾಟದ ಅಭ್ಯಾಸ ಹೇಳಿಕೊಡಬಹುದಿತ್ತು. ನಿಮ್ಮ ತಂಗಿಗೆ ನೆಲದ ಮೇಲೆ ಕುಳಿತು ಮಾಡುವ ತೋಳಿನ ವ್ಯಾಯಾಮ, ನೀರಿನಲ್ಲಿ ಮಾಡುವ ವ್ಯಾಯಾಮ, ಬಲ ಕಡಿಮೆಯಾದ ಕಾಲಿಗೆ ಬಲ ತರುವ ವ್ಯಾಯಾಮ ಎಲ್ಲ ಇವೆ. ಅವಳಿಗೆ ಈ ತರಗತಿ ಬೇರೆಯವರಿಗಿಂತ ಹತ್ತು ಪಾಲು ಹೆಚ್ಚು ಬೇಕಿತ್ತು. ಕೊಡದೆ ಹೋದವರು ನಾವು. ನಿಮ್ಮ ತಂಗಿಗೆ ಹೇಳಿ.

ಕಡ್ಡಾಯ ಬೇಕೆಂಬ ನನ್ನ ಮಾತು ಬದಲಾಗಿಲ್ಲ. "ವಿನಾಯಿತಿ" ಎಂಬ ಪದ ಆ ನಿಯಮದಲ್ಲಿ ಇರಕೂಡದು. ಬರಲಾಗದವರು ಎಂಬ ಪಟ್ಟಿಯ ಬದಲು ಯಾರಿಗೆ ಯಾವುದು ಎಂಬ ಪಟ್ಟಿ ಇರಬೇಕು.

ಕನ್ನಡ ಅಧ್ಯಾಪಕಿ

ಕಾಲೇಜಿನ ಒಳಗಿನಿಂದ ಎರಡು ಮಾತು. ಕೇರಳದಲ್ಲಿ 2024ರ ಜುಲೈಯಲ್ಲಿ ನಾಲ್ಕು ವರ್ಷದ ಪದವಿ ಆರಂಭವಾಯಿತು. ಮೂರು ವರ್ಷಕ್ಕೆ ಮುಗಿಸಿ ಹೊರಡುವವರು 133 ಕ್ರೆಡಿಟ್ ಗಳಿಸಬೇಕು, ನಾಲ್ಕನ್ನೂ ಓದುವವರು 177. ವಿಶ್ವವಿದ್ಯಾಲಯ ಅನುದಾನ ಆಯೋಗ (ಯು.ಜಿ.ಸಿ.) 2022ರ ಕೊನೆಯಲ್ಲಿ ಹೊರಡಿಸಿದ ಪದವಿ ಚೌಕಟ್ಟಿನಲ್ಲಿ ಮೌಲ್ಯವರ್ಧಿತ ಕೋರ್ಸ್‌ಗಳ ಸಾಲಿನಲ್ಲಿ ಆರೋಗ್ಯ, ಯೋಗ, ಕ್ರೀಡೆ, ದೇಹ ಕ್ಷಮತೆ ಎಂದು ಬರೆದೇ ಇದೆ. ಅಂದರೆ ತರಗತಿಯ ವೇಳೆಯ ಒಳಗೆ, ಕ್ರೆಡಿಟ್ ಕೊಟ್ಟು ಮಾಡಲು ದಾರಿ ಇದೆ. ಸಂಜೆ ನಾಲ್ಕರ ನಂತರ ಮಕ್ಕಳನ್ನು ನಿಲ್ಲಿಸಿಕೊಳ್ಳುವ ಅಗತ್ಯವೇ ಇಲ್ಲ. ಅಡೂರಿನ ಹುಡುಗ ಕೇಳಿದ್ದಕ್ಕೆ ಇದು ಅರ್ಧ ಉತ್ತರ.

ಉಳಿದರ್ಧ ಕಷ್ಟದ್ದು. ಹುಡುಗಿಯರು ಬಟ್ಟೆ ಬದಲಿಸಲು ಎಲ್ಲಿ ಹೋಗಬೇಕು? ನಾನು ಪಾಠ ಹೇಳಿದ ಒಂದು ಕಡೆ ಬಾಗಿಲಿಗೆ ಚಿಲಕವಿಲ್ಲದ ಒಂದೇ ಶೌಚಾಲಯ ಇತ್ತು. ಒಬ್ಬಳು ಒಳಗೆ ಹೋದರೆ ಇನ್ನೊಬ್ಬಳು ಹೊರಗೆ ಬಾಗಿಲು ಹಿಡಿದು ನಿಲ್ಲಬೇಕು. ಮುಟ್ಟಿನ ದಿನ "ಇವತ್ತು ಆಗುವುದಿಲ್ಲ" ಎಂದು ಮೈದಾನದ ನಡುವೆ, ಹುಡುಗರ ಎದುರಿಗೆ, ಗಂಡು ಶಿಕ್ಷಕರಿಗೆ ಹೇಳಬೇಕೇ? ಹೇಳಲಾಗದೆ ಎಷ್ಟೋ ಹುಡುಗಿಯರು ಆ ದಿನ ಕಾಲೇಜಿಗೇ ಬರುವುದಿಲ್ಲ. ಆಟದ ಹಾಜರಿಯ ಜೊತೆಗೆ ಲೆಕ್ಕಶಾಸ್ತ್ರದ ಹಾಜರಿಯೂ ಹೋಗುತ್ತದೆ. ಒಂದು ಕೊಠಡಿ, ಒಂದು ಚಿಲಕ, ಒಬ್ಬ ಮಹಿಳಾ ಶಿಕ್ಷಕಿ. ಇಷ್ಟು ಇಲ್ಲದೆ ಹುಡುಗಿಯರಿಗೆ ಕಡ್ಡಾಯ ಎನ್ನಲು ನನಗೆ ಮನಸ್ಸು ಬಾರದು.

ಯಾವುದನ್ನು ಆಡಬೇಕು ಎಂಬುದೂ ಮಕ್ಕಳ ಆಯ್ಕೆಯಾಗಿರಲಿ. 2025ರ ಜೂನ್‌ನಲ್ಲಿ ಕೇರಳದ ಶಾಲೆಗಳಿಗೆ ಜುಂಬಾ ಎಂಬ ನೃತ್ಯ ವ್ಯಾಯಾಮ ಬಂದಾಗ ಪರ ವಿರೋಧದ ಗದ್ದಲ ಎಷ್ಟೊಂದು ನಡೆಯಿತು. ಮಾತನಾಡಿದವರೆಲ್ಲ ಹೆಚ್ಚುಕಡಿಮೆ ದೊಡ್ಡವರೇ.

ಕುಂಬಳೆ ಸೀಮೆಯ ವೇಷಧಾರಿ

ಆಯ್ಕೆ ಎಂದಿರಲ್ಲ ಅಕ್ಕ, ಹಾಗಾದರೆ ಯಕ್ಷಗಾನವನ್ನು ಸೇರಿಸಿ. ಇದು ಯಕ್ಷಗಾನ ಕವಿ ಪಾರ್ತಿಸುಬ್ಬನ ನೆಲ. ತೆಂಕುತಿಟ್ಟಿನ ನಾಟ್ಯ ಕಲಿತವರಿಗೆ ಗೊತ್ತು, ಅದಕ್ಕಿಂತ ದೊಡ್ಡ ವ್ಯಾಯಾಮ ಇಲ್ಲ. ಮೊದಲ ತಿಂಗಳು ಗುರುಗಳು ಬೇರೇನೂ ಕಲಿಸುವುದಿಲ್ಲ. ಮೊಣಕಾಲು ಬಗ್ಗಿಸಿ, ಬೆನ್ನು ನೆಟ್ಟಗೆ ಇಟ್ಟು, ತಾಳಕ್ಕೆ ಹೆಜ್ಜೆ. ತೊಡೆ ನಡುಗುತ್ತದೆ, ಮೆಟ್ಟಿಲು ಇಳಿಯುವಾಗ ಅಳು ಬರುತ್ತದೆ. ಆಮೇಲೆ ಧೀಂಗಿಣ. ಚೆಂಡೆಯ ಪೆಟ್ಟಿಗೆ ಸರಿಯಾಗಿ ಹತ್ತು, ಇಪ್ಪತ್ತು, ಮೂವತ್ತು ಸುತ್ತು ಹಾರಿ ತಿರುಗಿ ನಿಂತ ಕೂಡಲೇ ಏದುಸಿರು ಬಿಡದೆ ಮಾತು ಆಡಬೇಕು. ವೇಷ, ಕಿರೀಟ, ಭುಜಕೀರ್ತಿಯ ಭಾರ ಬೇರೆ.

ನಮ್ಮ ನಾಟ್ಯ ತರಗತಿಗೆ ಈಗ ಹುಡುಗರಷ್ಟೇ ಹುಡುಗಿಯರು ಬರುತ್ತಾರೆ. ಶಾಲೆಯಲ್ಲಿರುವಾಗ ಕಲೋತ್ಸವ, ಕೃಪಾಂಕ ಎಂದು ಉತ್ಸಾಹ ಇರುತ್ತದೆ. ಪದವಿಗೆ ಹೋದ ಕೂಡಲೇ ಸಮಯವಿಲ್ಲ ಎಂದು ಬಿಟ್ಟುಬಿಡುತ್ತಾರೆ. ವಾರದ ಎರಡು ಗಂಟೆಯನ್ನು ಕಾಲೇಜು ಇದಕ್ಕೆ ಲೆಕ್ಕ ಹಿಡಿದರೆ ನಾನು ಸಂಬಳ ಕೇಳದೆ ಬಂದು ಕಲಿಸುತ್ತೇನೆ.

ನಿವೃತ್ತ ಪಿ.ಟಿ. ಮಾಸ್ತರ್, ಮಂಜೇಶ್ವರ

ಒಪ್ಪಿದೆ, ಒಂದು ಷರತ್ತಿನ ಮೇಲೆ. ನಾಟ್ಯಕ್ಕೆ ಮೊದಲು ಹತ್ತು ನಿಮಿಷ ಮೈ ಬಿಸಿ ಮಾಡಿಸಬೇಕು. ಗಟ್ಟಿ ನೆಲದಲ್ಲಿ ಮಂಡಿ ಹಾಕಿ ಹಾಕಿ ನಲವತ್ತಕ್ಕೆ ಮೊಣಕಾಲು ಕಳೆದುಕೊಂಡ ಒಳ್ಳೆಯ ವೇಷಧಾರಿಗಳನ್ನು ನಾನು ನೋಡಿದ್ದೇನೆ.

ತಳಂಗರೆ

ಮೈದಾನ ಉಳಿಸಿ, ಉಳಿದದ್ದು ಆಮೇಲೆ. ಕೇರಳ ಕ್ರಿಕೆಟ್ ತಂಡದ ನಮ್ಮೂರ ಹುಡುಗ ಮೊಹಮ್ಮದ್ ಅಜರುದ್ದೀನ್ 2021ರ ಜನವರಿಯಲ್ಲಿ ಮುಂಬೈ ವಿರುದ್ಧ 54 ಎಸೆತಗಳಲ್ಲಿ ಔಟಾಗದೆ 137 ಹೊಡೆದ ದಿನ ಇಡೀ ಊರು ನಿದ್ದೆ ಮಾಡಲಿಲ್ಲ. ಆಟಗಾರ ಹುಟ್ಟುವುದು ಊರ ಮೈದಾನದಲ್ಲಿ. ಮೈದಾನ ಮನೆಯ ಹತ್ತಿರ ಇದ್ದರೆ ಯಾರನ್ನೂ ಕಡ್ಡಾಯ ಮಾಡಿ ಕರೆಯಬೇಕಾಗಿಲ್ಲ. ಸಂಜೆಯಾದರೆ ಮಕ್ಕಳನ್ನು ಮನೆಗೆ ಕರೆಯುವುದೇ ಕಷ್ಟ.

ಪ್ಲಸ್ ಟು ದಾಟಿದವಳು

ಮೇಲೆ ಬರೆದ ಬದಿಯಡ್ಕದ ಅಮ್ಮನ ಮಗಳು ನಾನು. ಅಮ್ಮ ಶೂಗಳ ವಿಷಯ ಬರೆದದ್ದನ್ನು ಓದಿದೆ. ಅಮ್ಮನಿಗೆ ಎದುರಿಗೆ ಹೇಳದ್ದನ್ನು ಇಲ್ಲಿ ಹೇಳುತ್ತೇನೆ.

ನಾನು ಖೋ-ಖೋ ಬಿಟ್ಟದ್ದು ಸಮಯವಿಲ್ಲದೆ ಅಲ್ಲ. ಪ್ಲಸ್ ವನ್ ಸೇರಿದ ಮೊದಲ ತಿಂಗಳು ತಂಡಕ್ಕೆ ಆಯ್ಕೆ ನಡೆಯಿತು. ನಾನು ಹೋದೆ. ಸಾಲಾಗಿ ಕುಳ್ಳಿರಿಸಿ ಸರ್ ಮಲಯಾಳದಲ್ಲಿ ಬೇಗ ಬೇಗ ಹೇಳುತ್ತಾ ಹೋದರು. ನಮ್ಮ ಮನೆಯಲ್ಲಿ ಕನ್ನಡ, ನೆರೆಮನೆಯಲ್ಲಿ ತುಳು. ಪೇಟೆಯ ಮಲಯಾಳ ಅಂಗಡಿಯಲ್ಲಿ ಸಾಕಾಗುವಷ್ಟು ಬರುತ್ತಿತ್ತು, ಆಟದ ನಡುವೆ ಸಾಕಾಗುವಷ್ಟು ಬರುತ್ತಿರಲಿಲ್ಲ. ಅವರು ಹೇಳಿದ್ದು ನನಗೆ ಅರ್ಥವಾಗುವಷ್ಟರಲ್ಲಿ ಉಳಿದವರು ಎದ್ದು ಓಡಿಯಾಗಿತ್ತು. ಎರಡು ಸಲ ಹಾಗಾಯಿತು. ಮೂರನೆಯ ಸಲ ನಾನು ಎದ್ದು ಓಡಿದೆ, ಆದರೆ ಆಗ ಕುಳಿತೇ ಇರಬೇಕಿತ್ತಂತೆ. ಎಲ್ಲರೂ ನಕ್ಕರು. ಯಾರೂ ಕೆಟ್ಟವರಲ್ಲ, ಅವರಲ್ಲಿ ಮೂವರು ಈಗ ನನ್ನ ಗೆಳತಿಯರು. ಆದರೆ ಆ ದಿನದಿಂದ ಮೈದಾನಕ್ಕೆ ಹೋಗುವುದೆಂದರೆ ಹೊಟ್ಟೆಯಲ್ಲಿ ಏನೋ ಕಿವುಚಿದ ಹಾಗೆ ಆಗುತ್ತದೆ.

ಪಾಠದಲ್ಲಿ ಅರ್ಥವಾಗದಿದ್ದರೆ ಪುಸ್ತಕ ನೋಡಿ ರಾತ್ರಿ ಕಲಿಯಬಹುದು. ಮೈದಾನದಲ್ಲಿ ಪುಸ್ತಕ ಇಲ್ಲ. ಪಾಠ ಇಂಗ್ಲಿಷಿಗೆ ಬದಲಾಗುತ್ತದೆ ಎಂದು ಎಲ್ಲರೂ ಮೊದಲೇ ಎಚ್ಚರಿಸಿದ್ದರು. ಆಟವೂ ಭಾಷೆ ಬದಲಿಸುತ್ತದೆ ಎಂದು ಯಾರೂ ಹೇಳಿರಲಿಲ್ಲ. ಹಾಜರಿ ಬೇಡ ಎಂದದ್ದು ಇದಕ್ಕೆ. ಬಿಟ್ಟು ಹೋಗುವ ದಾರಿಯೊಂದು ನನಗೆ ಇರಬೇಕಿತ್ತು.

ಸಾಲಿನಲ್ಲಿ ಕನ್ನಡ ಬಲ್ಲ ಒಬ್ಬರು ಪಕ್ಕದಲ್ಲಿ ಕುಳಿತು ಒಂದು ವಾರ ಹೇಳಿಕೊಟ್ಟಿದ್ದರೆ ಸಾಕಿತ್ತು. ಒಂದೇ ವಾರ.

ಎಣ್ಮಕಜೆ ಅಣ್ಣ

ತಂಗಿಗೆ ಇದನ್ನು ಓದಿ ಹೇಳಿದೆ. "ಅವಳಿಗೂ ಒಂದು ಜಗಲಿ ಇತ್ತು" ಎಂದಳು. ಮಾಸ್ತರರ ಮಾತನ್ನೂ ಓದಿಸಿಕೊಂಡಳು. ಈಜು ಕಲಿಸುವುದಾದರೆ ತಾನು ಈಗಲೂ ಬರುತ್ತೇನೆ ಎನ್ನುತ್ತಾಳೆ.

ಬದಿಯಡ್ಕದ ಅಮ್ಮ

ಮಗಳು ಪಕ್ಕದ ಕೋಣೆಯಲ್ಲಿದ್ದಾಳೆ. ಎರಡೂವರೆ ವರ್ಷ ನನಗೆ ಗೊತ್ತಿರಲಿಲ್ಲ. ಓದು ಹೆಚ್ಚಾಯಿತು, ಅದಕ್ಕೇ ಬಿಟ್ಟಳು ಎಂದು ಊರಿಗೆಲ್ಲ ಹೇಳಿದ್ದೇನೆ.

ಸಭೆಯಲ್ಲಿ ಬರೀ ಕೈ ಎತ್ತಿ ಬರುವುದಿಲ್ಲ. ಒಂದು ಕಾಗದ ಓದುತ್ತೇನೆ. ಮೊದಲನೆಯ ವರ್ಷದ ಎಲ್ಲರಿಗೂ ದೈಹಿಕ ಶಿಕ್ಷಣ ಇರಲಿ, ಆದರೆ ವೇಳಾಪಟ್ಟಿಯ ಒಳಗೆ, ಮೂರೂವರೆಗೆ ಮೊದಲು. ಖೋ-ಖೋ, ಕಬಡ್ಡಿ, ಯೋಗ, ಯಕ್ಷಗಾನ ನಾಟ್ಯ, ಅನುಕೂಲ ಇದ್ದಲ್ಲಿ ಈಜು, ಇವುಗಳಲ್ಲಿ ಮಕ್ಕಳೇ ಆರಿಸಿಕೊಳ್ಳಲಿ. ತೂಕಕ್ಕೆ, ವೇಗಕ್ಕೆ ಅಂಕ ಬೇಡ. ಯಾರನ್ನೂ ಬ್ಯಾಗ್ ಕಾಯಲು ಕೂರಿಸಬಾರದು, ಅವರವರ ಮೈಗೆ ತಕ್ಕ ಅಭ್ಯಾಸ ಬರೆದು ಕೊಡಬೇಕು. ಮೊದಲ ತಿಂಗಳು ಕನ್ನಡದಲ್ಲಿಯೂ ಹೇಳಬೇಕು. ಹಿರಿಯ ವಿದ್ಯಾರ್ಥಿಗಳು ಅದಕ್ಕೆ ಸಾಕು. ಬಟ್ಟೆ ಬದಲಿಸುವ ಕೊಠಡಿ ಮತ್ತು ಶಿಕ್ಷಕಿ ಸಿದ್ಧವಾಗುವವರೆಗೆ ಹಾಜರಾತಿ ಕೊರತೆಗೆ ದಂಡ ಹಾಕಬಾರದು.

ಸಭೆ ನಡೆಯುವುದು ಮಲಯಾಳದಲ್ಲಿ. ಅಧ್ಯಾಪಕಿಯವರೇ, ಇದನ್ನು ಮಲಯಾಳಕ್ಕೆ ಮಾಡಿಕೊಡುವಿರಾ? ನಾನು ಕನ್ನಡದಲ್ಲಿ ಓದುತ್ತೇನೆ, ಪ್ರತಿ ಅವರ ಕೈಯಲ್ಲಿರಲಿ.

ಅಡೂರು ಬಿ.ಕಾಂ.

ದಂಡದ ಸಾಲು ಕೊನೆಯಲ್ಲಿ ಬೇಡ ಅಕ್ಕ, ಮೊದಲಿಗೇ ಹಾಕಿ. ಕೊನೆಯಲ್ಲಿದ್ದರೆ ಅದನ್ನೇ ಮೊದಲು ಅಳಿಸುತ್ತಾರೆ. ಎರಡನೆಯ ವರ್ಷಕ್ಕೂ ಕಡ್ಡಾಯ ಎಂದು ತಂದರೆ ನಾನು ಆಗಲೂ ವಿರೋಧಿಸುತ್ತೇನೆ. ಈ ಕಾಗದಕ್ಕೆ ಮಾತ್ರ ಸಹಿ ಹಾಕುತ್ತೇನೆ.

ಕನ್ನಡ ಅಧ್ಯಾಪಕಿ

ನಾಳೆ ರಾತ್ರಿಯೊಳಗೆ ಮಲಯಾಳದ ಪ್ರತಿ ಕಳುಹಿಸುತ್ತೇನೆ. ಬಸ್ಸಿನ ಸಮಯವನ್ನೂ ಬರೆದರೆ ಸಭೆಯಲ್ಲಿ ತೂಕ ಬರುತ್ತದೆ. 4.10 ಎಂದೇ ಹಾಕಲೇ, 4.15 ಎಂದು ಹಾಕಲೇ?

ಅಡೂರು ಬಿ.ಕಾಂ.

4.10. ಕೆಲವು ದಿನ ಎರಡು ನಿಮಿಷ ಮೊದಲೇ ಬಿಡುತ್ತದೆ.